ಜಿಗಿಹುಳು ರೋಗದ ಗಿಡದ ಮೇಲೆ ಎಷ್ಟು ಹೊತ್ತು ಕೂತಿತ್ತು?

ಉಡುಪಿಯಿಂದ ದಕ್ಷಿಣಕ್ಕೆ ಬಂದು ಕಟಪಾಡಿಯಲ್ಲಿ ಕಡಲಿನ ಕಡೆಗೆ ತಿರುಗಿದರೆ ಮಟ್ಟು ಸಿಗುತ್ತದೆ. ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಅಲ್ಲಿನ ಗದ್ದೆಗಳಲ್ಲಿ ಗುಳ್ಳದ ಸಾಲುಗಳೇಳುತ್ತವೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜವೆಂದು ಊರವರು ಇಂದಿಗೂ ಹೇಳುವ, 2011ರಲ್ಲಿ ಭೌಗೋಳಿಕ ಗುರುತು ಪಡೆದ, ತಿಳಿ ಹಸಿರು ಮೈಯ ದುಂಡು ಬದನೆ ಇದು. ಈ ಸಾಲುಗಳ ನಡುವೆ ಒಮ್ಮೊಮ್ಮೆ ಒಂದು ಗಿಡ ಉಳಿದವುಗಳಿಂದ ಬೇರೆಯಾಗಿಯೇ ಕಾಣುತ್ತದೆ. ಅದರ ಎಲೆಗಳು ಕಿರಿದಾಗಿ, ಮೆತ್ತಗಾಗಿ, ಬಣ್ಣ ಕಳೆದುಕೊಂಡಿರುತ್ತವೆ. ಗೆಣ್ಣುಗಳು ಒಂದಕ್ಕೊಂದು ಹತ್ತಿರವಾಗಿ, ಪ್ರತಿ ಎಲೆಯ ಬುಡದಿಂದಲೂ ಚಿಗುರು ಹೊರಟು ಗಿಡ ಪೊದೆಯಾಗಿರುತ್ತದೆ. ಹೂವು ಬಿಟ್ಟರೂ ಅದರ ದಳಗಳು ಹಸಿರಾಗಿ ಎಲೆಯ ರೂಪಕ್ಕೆ ತಿರುಗಿರುತ್ತವೆ. ಅಂಥ ಗಿಡದಲ್ಲಿ ಕಾಯಿ ಹಿಡಿಯುವುದಿಲ್ಲ. ಕಿರು ಎಲೆ ರೋಗ ಎಂದು ನಾವು ಕರೆಯುವ ಈ ರೋಗ ಜಿಗಿಹುಳುವಿನಿಂದ ಹರಡುವುದೆಂಬುದು ಬೆಳೆಗಾರರಿಗೂ ಗೊತ್ತಿದೆ. ಆದರೆ ಆ ಹುಳು ರೋಗದ ಗಿಡದ ಮೇಲೆ ಎಷ್ಟು ಹೊತ್ತು ಕೂತರೆ ರೋಗಾಣು ಅದರೊಳಗೆ ಸೇರುತ್ತದೆ, ಸೇರಿದ ಎಷ್ಟು ದಿನಗಳ ಮೇಲೆ ಅದು ಇನ್ನೊಂದು ಗಿಡಕ್ಕೆ ರೋಗ ದಾಟಿಸುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ, ವಿದ್ಯಾರ್ಥಿಗಳೊಂದಿಗೆ ಈ ಅಳತೆಯ ಕೆಲಸದಲ್ಲಿ ತೊಡಗಿರುವ ನನಗೆ, ಮದ್ದು ಹೊಡೆಯುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ಬಲವಾಗಿ ಅನ್ನಿಸುತ್ತದೆ.

ಹೀಗನ್ನಿಸುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಪಪ್ಪಾಯಿ ಗಿಡಕ್ಕೆ ಉಂಗುರ ಚುಕ್ಕಿ ರೋಗ ಬರುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ವೈರಸ್ಸಿನ ರೋಗ, ಹರಡುವುದು ಸಸ್ಯಹೇನು. ಹೇನು ಎಲೆಯ ಮೇಲೆ ಕೂತು, ರುಚಿ ನೋಡುವುದಕ್ಕೆ ಮೇಲ್ಪದರದ ಜೀವಕೋಶಕ್ಕೆ ಒಮ್ಮೆ ಸೂಜಿ ಚುಚ್ಚಿ ತೆಗೆಯುವ ಕೆಲವೇ ಕ್ಷಣಗಳಲ್ಲಿ ವೈರಸ್ಸು ಅದರ ಬಾಯಿಗೆ ಅಂಟಿಕೊಂಡಿರುತ್ತದೆ, ಹಾಗೆಯೇ ಮುಂದಿನ ಗಿಡದ ಮೊದಲ ಚುಚ್ಚಿಗೆ ಇಳಿದೂ ಹೋಗುತ್ತದೆ. ಯಾವ ಕೀಟನಾಶಕವೂ ಅಷ್ಟು ಬೇಗ ಹುಳುವನ್ನು ಕೊಲ್ಲುವುದಿಲ್ಲ. ಮದ್ದಿನ ಕಿರಿಕಿರಿಗೆ ಹೇನು ಗಿಡದಿಂದ ಗಿಡಕ್ಕೆ ಅಲೆದು ರೋಗ ಹೆಚ್ಚಾಗುವುದೂ ಉಂಟು. ಬದನೆಯ ಕಿರು ಎಲೆ ರೋಗದ ದಾರಿಯೇ ಬೇರೆ. ಅದರ ರೋಗಾಣು ಫೈಟೋಪ್ಲಾಸ್ಮಾ, ಅಂದರೆ ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾ. ಅದು ಇರುವುದು ಗಿಡದ ಆಹಾರ ಸಾಗುವ ನಾಳಗಳೊಳಗೆ ಮಾತ್ರ. ಹುಳುವಿನ ಸೂಜಿಬಾಯಿ ಆ ನಾಳದವರೆಗೆ ತಲುಪಬೇಕು, ರಸ ಹೀರಬೇಕು, ರಸದೊಂದಿಗೆ ಬ್ಯಾಕ್ಟೀರಿಯಾ ಕರುಳಿಗಿಳಿಯಬೇಕು, ಕರುಳಿನ ಗೋಡೆ ದಾಟಿ ಮೈಯ ದ್ರವಕ್ಕೆ ಬಂದು, ಅಲ್ಲಿಂದ ಜೊಲ್ಲಿನ ಗ್ರಂಥಿಗಳನ್ನು ಸೇರಬೇಕು. ಮೊದಲ ಘಟ್ಟಕ್ಕೆ ಗಂಟೆಗಳು, ಕಡೆಯ ಘಟ್ಟಕ್ಕೆ ವಾರಗಳು ಬೇಕು. ಈ ಕಾಲಾವಕಾಶವನ್ನು ಅಳೆದು ತಿಳಿದರೆ ಎಲ್ಲಿ ಅಡ್ಡಗಟ್ಟಬೇಕೆಂಬುದು ತಿಳಿಯುತ್ತದೆ. ಅಳೆಯದೆ ಹೋದರೆ ಎರಡು ರೋಗಗಳಿಗೂ ಒಂದೇ ಮದ್ದು, ಒಂದೇ ಪಂಪು.

ಕೀಟಗಳು ಸಸ್ಯದ ಬ್ಯಾಕ್ಟೀರಿಯಾ ಹೊರುತ್ತವೆ ಎಂಬ ತಿಳುವಳಿಕೆ ಹಳೆಯದು. ಅಮೆರಿಕದ ಮೆರ್ಟನ್ ವೇಟ್ 1891ರ ಸುಮಾರಿಗೇ ಪಿಯರ್ ಹಣ್ಣಿನ ಮರಗಳ ಬೆಂಕಿ ರೋಗವನ್ನು ಜೇನುನೊಣಗಳು ಹೂವಿನಿಂದ ಹೂವಿಗೆ ಒಯ್ಯುವುದನ್ನು ತೋರಿಸಿದ್ದರು. ಆದರೆ ಅಲ್ಲಿ ಕೀಟ ಕಾಲಿಗೆ, ಬಾಯಿಗೆ ಮೆತ್ತಿಕೊಂಡದ್ದನ್ನು ಹೊತ್ತೊಯ್ಯುವುದಷ್ಟೆ. ಕೀಟದ ಮೈಯೊಳಗೆ ರೋಗಾಣುವಿಗೆ ಒಂದು ಕಾಯುವ ಅವಧಿಯಿದೆ ಎಂಬುದು ಸ್ಪಷ್ಟವಾದದ್ದು 1926ರಲ್ಲಿ, ಲೂಯಿ ಕುಂಕೆಲ್ ಅವರು ಆಸ್ಟರ್ ಹೂಗಿಡದ ಹಳದಿ ರೋಗವನ್ನು ಜಿಗಿಹುಳುವಿನೊಂದಿಗೆ ಇಟ್ಟು ನೋಡಿದಾಗ. ರೋಗದ ಗಿಡದಲ್ಲಿ ರಸ ಹೀರಿದ ಹುಳು ಕನಿಷ್ಠ ಹತ್ತು ದಿನ ಕಳೆಯುವವರೆಗೆ ಯಾವ ಗಿಡಕ್ಕೂ ರೋಗ ದಾಟಿಸಲಿಲ್ಲ. ಆಗ ಎಲ್ಲರೂ ಅದನ್ನು ವೈರಸ್ ಎಂದೇ ತಿಳಿದಿದ್ದರು. 1967ರಲ್ಲಿ ಜಪಾನಿನ ದೋಯಿ ಮತ್ತು ಸಂಗಡಿಗರು ಹಿಪ್ಪುನೇರಳೆಯ ಕುಬ್ಜ ರೋಗದ ಗಿಡಗಳ ನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿರುವುದು ವೈರಸ್ಸಲ್ಲ, ಗೋಡೆಯಿಲ್ಲದ ಸಣ್ಣ ಜೀವಕೋಶಗಳು ಎಂದು ಕಂಡರು. ಟೆಟ್ರಾಸೈಕ್ಲಿನ್ ಕೊಟ್ಟರೆ ಲಕ್ಷಣ ಇಳಿಯುತ್ತದೆ, ಕೋಶಭಿತ್ತಿಯ ಮೇಲೆ ಕೆಲಸ ಮಾಡುವ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ ಎಂಬುದು ಆ ಗುರುತನ್ನು ಗಟ್ಟಿಗೊಳಿಸಿತು. ನಮ್ಮ ದೇಶದ ಬದನೆಯ ಕಿರು ಎಲೆ ರೋಗದ ವಿವರಣೆ ಇದಕ್ಕೂ ಮೊದಲೇ, 1939ರಲ್ಲಿ ಕೊಯಮತ್ತೂರಿನಿಂದ ಬಂದಿತ್ತು.

ಇನ್ನು ಅಳತೆಯ ಮಾತು. ಮೊದಲು ಬೇಕಾದದ್ದು ರೋಗದ ಸೋಂಕೇ ಇಲ್ಲದ ಹುಳುಗಳು. ಗದ್ದೆಯಿಂದ ಹಿಡಿದು ತಂದ ಹುಳು ಹಿಂದೆ ಎಲ್ಲೆಲ್ಲಿ ಕೂತಿತ್ತು ಎಂಬುದಕ್ಕೆ ಲೆಕ್ಕವಿಲ್ಲ. ಫೈಟೋಪ್ಲಾಸ್ಮಾ ಬಹುಮಟ್ಟಿಗೆ ತಾಯಿಯಿಂದ ಮೊಟ್ಟೆಗೆ ಹೋಗುವುದಿಲ್ಲವಾದ್ದರಿಂದ, ಬಲೆಯ ಪಂಜರದೊಳಗೆ ಆರೋಗ್ಯವಂತ ಗಿಡದ ಮೇಲೆ ಹುಳುಗಳನ್ನು ಬಿಟ್ಟು ಮೊಟ್ಟೆಯಿಡಿಸಿ, ದೊಡ್ಡವನ್ನು ತೆಗೆದುಹಾಕಿ, ಹೊಸದಾಗಿ ಹೊರಬಂದ ಮರಿಗಳನ್ನು ಸಾಕುತ್ತೇವೆ. ಇದು ಹೇಳುವಷ್ಟು ಸುಲಭವಲ್ಲ. ಮಂಗಳೂರಿನ ಜೂನ್, ಜುಲೈ ತಿಂಗಳುಗಳಲ್ಲಿ ಪಂಜರದ ಬಲೆ ಒಣಗುವುದೇ ಇಲ್ಲ. ಹುಳು ಬಿಟ್ಟ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ, ಎಲೆ ಕೊಳೆಯುತ್ತದೆ, ಹುಳುಗಳು ಬಲೆಯ ನೀರಿಗೆ ಅಂಟಿ ಸಾಯುತ್ತವೆ. ಆದ್ದರಿಂದ ನಮ್ಮ ಕೆಲಸವೆಲ್ಲ ನವರಾತ್ರಿ ಕಳೆದ ಮೇಲೆಯೇ ಚುರುಕಾಗುವುದು. ಗದ್ದೆಯ ಗುಳ್ಳಕ್ಕೂ ಅದೇ ಕಾಲವಾದ್ದರಿಂದ ಅದು ಅನುಕೂಲವೇ.

ಯಾವ ಹುಳು ಎಂಬುದೂ ಮುಖ್ಯ. ಬದನೆ ಎಲೆಯನ್ನು ಮಗುಚಿದರೆ ಮೊದಲು ಕಣ್ಣಿಗೆ ಬೀಳುವುದು, ಓರೆಯಾಗಿ ಅಡ್ಡಡ್ಡ ಓಡುವ ಹಸಿರು ಜಿಗಿಹುಳು. ಎಲೆಯ ಅಂಚು ಸುಟ್ಟಂತಾಗುವುದು ಅದರಿಂದ. ಕಿರು ಎಲೆ ರೋಗದ ವಾಹಕವೆಂದು ಸ್ಥಾಪಿತವಾಗಿರುವುದು ಹಿಶಿಮೋನಸ್ ಫೈಸಿಟಿಸ್ ಎಂಬ ಇನ್ನೊಂದು; ಮೂರು ನಾಲ್ಕು ಮಿಲಿಮೀಟರಿನ ಕಂದು ಹುಳು, ರೆಕ್ಕೆ ಮಡಚಿ ಕೂತಾಗ ಎರಡು ರೆಕ್ಕೆಗಳ ಅರ್ಧ ಮಚ್ಚೆಗಳು ಬೆನ್ನ ಮೇಲೆ ಕೂಡಿ ಒಂದು ದುಂಡು ಮಚ್ಚೆಯಾಗುತ್ತದೆ. ಭೂತಗನ್ನಡಿಯಲ್ಲಿ ಆ ಮಚ್ಚೆಯನ್ನು ಗುರುತಿಸಲು ಬಾರದ ವಿದ್ಯಾರ್ಥಿಯನ್ನು ನಾನು ಮುಂದಿನ ಹಂತಕ್ಕೆ ಬಿಡುವುದಿಲ್ಲ. ಗದ್ದೆಯಲ್ಲಿ ಹೇರಳವಾಗಿ ಕಾಣುವ ಹುಳುವೇ ರೋಗ ಹರಡುವ ಹುಳುವೆಂದು ತೀರ್ಮಾನಿಸುವ ಅಭ್ಯಾಸದಿಂದ ನಮ್ಮಲ್ಲಿ ಎಷ್ಟೋ ಮದ್ದು ವ್ಯರ್ಥವಾಗಿದೆ.

ಹುಳು ಸಿದ್ಧವಾದ ಮೇಲೆ, ರೋಗದ ಗಿಡದ ಒಂದೊಂದು ಎಲೆಗೆ ಸ್ಪಂಜಿನ ಅಂಚಿರುವ ಸಣ್ಣ ಪಂಜರವನ್ನು ಕ್ಲಿಪ್ಪಿನಿಂದ ಕಚ್ಚಿಸುತ್ತೇವೆ. ಬಾಯಿಂದ ಎಳೆಯುವ ಹೀರುಕೊಳವೆಯಲ್ಲಿ ಹುಳುವನ್ನು ಹಿಡಿದು, ಪಂಜರದ ತೂತಿನಲ್ಲಿ ಮೆಲ್ಲಗೆ ಊದಿ ಒಳಗೆ ಬಿಡಬೇಕು. ರೆಕ್ಕೆ ಮುರಿದ ಹುಳುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಒಂದು ಗುಂಪಿಗೆ ಒಂದು ಗಂಟೆ, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಹನ್ನೆರಡು, ಹೀಗೆ ಎರಡು ಮೂರು ದಿನಗಳವರೆಗೆ ಅವಕಾಶ ಕೊಟ್ಟು ತೆಗೆಯುತ್ತೇವೆ. ಅಷ್ಟೇ ಸಂಖ್ಯೆಯ ಹುಳುಗಳನ್ನು ಅಂಥದೇ ಪಂಜರದಲ್ಲಿ ಆರೋಗ್ಯವಂತ ಗಿಡದ ಮೇಲೂ ಇಡಲೇಬೇಕು. ಆ ಗುಂಪಿನಲ್ಲಿ ಒಂದೇ ಒಂದು ಹುಳುವಿನಲ್ಲಿ ರೋಗಾಣು ಸಿಕ್ಕಿದರೂ ಇಡೀ ಪ್ರಯೋಗವನ್ನು ಬದಿಗಿಡಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನಾವು ಅಳೆಯುವುದು ಹುಳುವಿಗೆ ಕೊಟ್ಟ ಅವಕಾಶದ ಹೊತ್ತನ್ನೇ ಹೊರತು ಅದು ಹೀರಿದ ಹೊತ್ತನ್ನಲ್ಲ. ಹೋಟೆಲಿನ ಬೆಂಚಿನ ಮೇಲೆ ಕೂತವರೆಲ್ಲ ಊಟ ಮಾಡಿದವರೆಂದು ಬರೆದುಕೊಳ್ಳಲಾಗುವುದಿಲ್ಲ. ಆರು ಗಂಟೆ ಪಂಜರದಲ್ಲಿದ್ದ ಹುಳು ಅದರಲ್ಲಿ ಬಹುಪಾಲು ಹೊತ್ತು ಬಲೆಯ ಮೇಲೆ ನಡೆದಾಡಿರಬಹುದು, ಎಲೆಯ ಮೇಲಿದ್ದರೂ ನಾಳ ಸಿಗದೆ ಚುಚ್ಚಿ ಚುಚ್ಚಿ ತೆಗೆದಿರಬಹುದು, ಇಲ್ಲವೇ ನೀರು ಸಾಗುವ ನಾಳದಿಂದ ಬರಿಯ ನೀರನ್ನೇ ಕುಡಿದಿರಬಹುದು. ಇದನ್ನು ಬಿಡಿಸಿ ನೋಡುವುದಕ್ಕೆ ಒಂದು ವಿದ್ಯುತ್ ವಿಧಾನವಿದೆ. ಹುಳುವಿನ ಬೆನ್ನಿಗೆ ಬೆಳ್ಳಿಯ ಅಂಟಿನಿಂದ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಅಂಟಿಸಿ, ಇನ್ನೊಂದು ತಂತಿಯನ್ನು ಗಿಡದ ಬುಡದ ಮಣ್ಣಿಗಿಟ್ಟು ಅತಿ ಕಡಿಮೆ ವಿದ್ಯುತ್ ಹರಿಸುವುದು. ಹುಳು ಸೂಜಿ ಚುಚ್ಚಿದ ಕ್ಷಣ ಮಂಡಲ ಪೂರ್ಣಗೊಂಡು ಪರದೆಯ ಮೇಲೆ ಗೆರೆ ಏಳುತ್ತದೆ. ಸೂಜಿ ಜೀವಕೋಶಗಳ ನಡುವೆ ಸಾಗುವಾಗ ಒಂದು ಬಗೆಯ ಅಲೆ, ಆಹಾರದ ನಾಳಕ್ಕೆ ಜೊಲ್ಲು ಬಿಡುವಾಗ ಇನ್ನೊಂದು, ಅಲ್ಲಿಂದ ಹೀರುವಾಗ ಮತ್ತೊಂದು, ನೀರಿನ ನಾಳಕ್ಕೆ ಬೇರೆಯದು. 1964ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್ಲೀನ್ ಮತ್ತು ಕಿನ್ಸೆ ಆರಂಭಿಸಿದ, 1978ರಲ್ಲಿ ನೆದರ್ಲೆಂಡ್ಸಿನ ಟ್ಯಾಲಿಂಗಿ ಸುಧಾರಿಸಿದ ಈ ವಿಧಾನದಿಂದ, ರೋಗಾಣುವನ್ನು ಪಡೆಯುವುದು ನಾಳದಿಂದ ಹೀರುವ ಅಲೆಯ ಹೊತ್ತಿನಲ್ಲಿ ಎಂಬುದನ್ನು ನಿಮಿಷಗಳ ಲೆಕ್ಕದಲ್ಲಿ ತೋರಿಸಬಹುದು. ತಂತಿ ಕಟ್ಟಿದ ಹುಳು ಸಹಜವಾಗಿ ನಡೆದಾಡದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಕ್ಲಿಪ್ ಪಂಜರದ ಗಂಟೆಗಳೊಂದಿಗೆ ಇಟ್ಟು ನೋಡಿದಾಗ ಎರಡೂ ಸೇರಿ ಹೇಳುವ ಮಾತು ನಂಬಿಕೆಗೆ ಅರ್ಹವಾಗಿರುತ್ತದೆ.

ಹುಳುವನ್ನು ತೆಗೆದ ಮೇಲೆ ಅದರೊಳಗೆ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ತಿಳಿಯುವುದು ಪಿಸಿಆರ್‌ನಿಂದ. ಕೋವಿಡ್ ಕಾಲದಿಂದ ಈ ಹೆಸರು ಮನೆಮಾತಾಗಿರುವುದರಿಂದ ವಿವರಿಸುವ ಶ್ರಮ ಕಡಿಮೆಯಾಗಿದೆ. ರೋಗಾಣುವಿನ ವಂಶವಾಹಿಯ ಒಂದು ತುಣುಕು ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತದೆ. ಎಷ್ಟನೆಯ ಸುತ್ತಿನಲ್ಲಿ ಅದು ಯಂತ್ರದ ಕಣ್ಣಿಗೆ ಬೀಳುತ್ತದೆ ಎಂಬುದರಿಂದ ಮೊದಲಿಗೆ ಎಷ್ಟಿತ್ತು ಎಂದು ಹಿಮ್ಮುಖವಾಗಿ ಲೆಕ್ಕ ಹಾಕುತ್ತೇವೆ. ಒಂದು ಹುಳು 22ನೆಯ ಸುತ್ತಿಗೆ, ಇನ್ನೊಂದು 32ನೆಯ ಸುತ್ತಿಗೆ ಕಾಣಿಸಿತೆಂದರೆ ವ್ಯತ್ಯಾಸ ಹತ್ತಲ್ಲ, ಸುಮಾರು ಸಾವಿರ ಪಟ್ಟು. ಆದರೆ ಯಂತ್ರ ಹೌದೆಂದ ಮಾತ್ರಕ್ಕೆ ಹುಳು ರೋಗ ಹರಡುತ್ತದೆ ಎಂದಾಗುವುದಿಲ್ಲ. ಈಗಷ್ಟೇ ಕುಡಿದ ರಸದಲ್ಲಿ ತೇಲುತ್ತಿರುವ ಬ್ಯಾಕ್ಟೀರಿಯಾ, ಸತ್ತ ಬ್ಯಾಕ್ಟೀರಿಯಾದ ಚೂರು, ಎಲ್ಲಕ್ಕೂ ಯಂತ್ರ ಹೌದೆನ್ನುತ್ತದೆ. ಆದ್ದರಿಂದ ಹುಳುಗಳನ್ನು ರೋಗದ ಗಿಡದಿಂದ ತೆಗೆದು, ಆ ರೋಗ ತಗಲದ ಬೇರೆ ಗಿಡದ ಮೇಲಿಟ್ಟು, ಕೆಲವು ದಿನಗಳಿಗೊಮ್ಮೆ ಒಂದಷ್ಟನ್ನು ಪರೀಕ್ಷಿಸುತ್ತಾ ಹೋಗಬೇಕು. ಬರಿಯ ರಸವಾಗಿದ್ದರೆ ಪ್ರಮಾಣ ಇಳಿಯುತ್ತಾ ಹೋಗಿ ಶೂನ್ಯವಾಗುತ್ತದೆ. ಹುಳು ನಿಜವಾದ ವಾಹಕವಾಗಿದ್ದರೆ ಪ್ರಮಾಣ ಮೊದಲು ಇಳಿದು, ನಂತರ ಮೆಲ್ಲಗೆ ಏರತೊಡಗುತ್ತದೆ. ಹುಳು ಹೊಸದಾಗಿ ಏನನ್ನೂ ಪಡೆದಿಲ್ಲವಾದ್ದರಿಂದ ಆ ಏರಿಕೆಗೆ ಅರ್ಥ ಒಂದೇ: ಬ್ಯಾಕ್ಟೀರಿಯಾ ಹುಳುವಿನೊಳಗೇ ಬೆಳೆಯುತ್ತಿದೆ. ಪಿಸಿಆರ್ ಇಲ್ಲದ ಕಾಲದಲ್ಲಿ, 1952ರಲ್ಲಿ, ಕಾರ್ಲ್ ಮಾರಮೊರೋಶ್ ಇದೇ ಮಾತನ್ನು ಹುಳುವಿನಿಂದ ಹುಳುವಿಗೆ ಸೂಜಿಮದ್ದಿನಂತೆ ದ್ರವ ಚುಚ್ಚುತ್ತಾ ಸಾಧಿಸಿದ್ದರು. ಅಷ್ಟು ಸಲ ತೆಳುವಾದ ಮೇಲೂ ಕೊನೆಯ ಹುಳು ರೋಗ ಹರಡಿತೆಂದರೆ ರೋಗಾಣು ನಡುವೆ ಹೆಚ್ಚಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಓದಿದಾಗಲೆಲ್ಲ ನನ್ನ ಗೌರವ ಹೆಚ್ಚಿಸುವ ಪ್ರಯೋಗ ಅದು.

ಇಷ್ಟಾದ ಮೇಲೂ ಕಟ್ಟಕಡೆಯ ಸಾಕ್ಷಿ ಗಿಡದ್ದೇ. ಹುಳುವನ್ನು ಎಳೆಯ ಸಸಿಯ ಮೇಲೆ ಬಿಟ್ಟು, ತೆಗೆದು, ಸಸಿಗೆ ರೋಗ ಬರುವವರೆಗೆ ಕಾಯಬೇಕು. ಒಂದೊಂದು ಸಸಿಗೆ ಒಂದೇ ಹುಳು ಬಿಟ್ಟರೆ ಉತ್ತರ ಸ್ಪಷ್ಟ, ಆದರೆ ನೂರಾರು ಸಸಿ ಬೇಕು. ಗುಂಪಾಗಿ ಬಿಟ್ಟರೆ ಲೆಕ್ಕದಲ್ಲಿ ಎಚ್ಚರ ಬೇಕು. ಉದಾಹರಣೆಗೆ ಇಪ್ಪತ್ತು ಸಸಿಗಳಿಗೆ ಐದೈದು ಹುಳು ಬಿಟ್ಟು, ಹತ್ತು ಸಸಿಗಳಿಗೆ ರೋಗ ಬಂದಿತೆನ್ನೋಣ. ನೂರು ಹುಳುಗಳಿಗೆ ಹತ್ತು ಸಸಿ, ಆದ್ದರಿಂದ ನೂರಕ್ಕೆ ಹತ್ತು ಎಂದು ಬರೆಯುವುದು ತಪ್ಪು. ರೋಗ ಬಂದ ಸಸಿಯಲ್ಲಿ ಎರಡು ಮೂರು ಹುಳುಗಳೂ ರೋಗ ದಾಟಿಸಿರಬಹುದು. ರೋಗ ಬಾರದ ಸಸಿಯ ಕಡೆಯಿಂದ ನೋಡಬೇಕು. ಅಲ್ಲಿ ಐದಕ್ಕೆ ಐದೂ ಹುಳುಗಳು ರೋಗ ದಾಟಿಸಿಲ್ಲ. ಅರ್ಧದ ಐದನೆಯ ಮೂಲವನ್ನು ಒಂದರಿಂದ ಕಳೆದರೆ ಒಂದು ಹುಳುವಿನ ಸಾಮರ್ಥ್ಯ ನೂರಕ್ಕೆ ಸುಮಾರು 13 ಎಂದು ಸಿಗುತ್ತದೆ. ಪಿಸಿಆರ್ ಹೌದೆಂದ ಹುಳುಗಳ ಪಾಲು ಇದಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಕರುಳಿನ ಗೋಡೆಯಲ್ಲಿಯೋ ಜೊಲ್ಲಿನ ಗ್ರಂಥಿಯ ಬಾಗಿಲಲ್ಲಿಯೋ ತಡೆದು ನಿಂತ ರೋಗಾಣುಗಳೇ ಆ ಎರಡು ಸಂಖ್ಯೆಗಳ ನಡುವಿನ ಅಂತರ.

ಮಟ್ಟುವಿನ ಹಿರಿಯ ಬೆಳೆಗಾರರೊಬ್ಬರಿಗೆ ಇದನ್ನು ವಿವರಿಸುತ್ತಿದ್ದಾಗ ಅವರು, "ಹಾಗಾದ್ರೆ ರೋಗದ ಗಿಡ ಕಂಡ ಕೂಡ್ಲೆ ಕಿತ್ತು ಬಿಸಾಡಿದ್ರೆ ಸಾಕಲ್ವಾ ಮೇಡಂ, ಮದ್ದು ಎಂತಕ್ಕೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಕೀಳುವಾಗ ಗಿಡ ಅಲುಗಾಡಿ, ಅದರ ಮೇಲಿದ್ದ ಹುಳುಗಳೆಲ್ಲ ಹಾರಿ ಪಕ್ಕದ ಗಿಡಗಳಿಗೆ ಹೋಗುತ್ತವೆ. ಅವುಗಳಲ್ಲಿ ರೋಗಾಣು ಬೆಳೆದು ಪಕ್ವವಾದವೂ ಇರುತ್ತವೆ. "ಮೊದಲು ಆ ಗಿಡಕ್ಕೂ ಸುತ್ತಲಿನ ಗಿಡಗಳಿಗೂ ಮಾತ್ರ ಮದ್ದು ಬಿಡಿ, ಹುಳು ಸತ್ತ ಮೇಲೆ ಕೀಳಿ" ಎಂದೆ. ಇಡೀ ಗದ್ದೆಗೆ ವಾರ ವಾರ ಹೊಡೆಯುವುದಕ್ಕೂ ಇದಕ್ಕೂ ಖರ್ಚಿನಲ್ಲಿ, ಜೇನುನೊಣಗಳ ಪಾಲಿಗೆ, ಮಾರುಕಟ್ಟೆಗೆ ಹೋಗುವ ಕಾಯಿಯ ಮೇಲಿನ ವಿಷದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅವರಿಗೆ ಬೇರೆ ಹೇಳಬೇಕಾಗಲಿಲ್ಲ.

ಬದನೆಯಲ್ಲಿ ಇಷ್ಟು ಅಳೆಯಬಹುದಾದದ್ದು ಅದು ಕೆಲವೇ ವಾರಗಳಲ್ಲಿ ರೋಗ ತೋರಿಸುವ ಗಿಡವಾದ್ದರಿಂದ. ನಮ್ಮ ಜಿಲ್ಲೆಯ ನಿಜವಾದ ಸಂಕಟ ಇರುವುದು ಅಡಿಕೆಯಲ್ಲಿ. ಹಳದಿ ಎಲೆ ರೋಗವನ್ನು ಮಧ್ಯ ಕೇರಳದಲ್ಲಿ 1914ರಲ್ಲೇ ಗುರುತಿಸಿದ್ದರು. ಇಂದು ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಗಳಲ್ಲೂ, ಘಟ್ಟದ ಮೇಲೆ ಶೃಂಗೇರಿ, ಕೊಪ್ಪದಲ್ಲೂ ತೋಟಗಳಿಗೆ ತೋಟಗಳೇ ಅದಕ್ಕೆ ತುತ್ತಾಗಿವೆ. ಮಳೆಗಾಲ ಮುಗಿಯುತ್ತಿದ್ದಂತೆ ಕೆಳಗಿನ ಎರಡು ಮೂರು ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ, ಆದರೆ ನಡುವಿನ ನರದ ಪಕ್ಕದ ಪಟ್ಟಿ ಹಸಿರಾಗಿಯೇ ಉಳಿಯುತ್ತದೆ. ಅಡಿಕೆಯ ತಿರುಳು ಮೆತ್ತಗಾಗಿ ಕಪ್ಪು ತಿರುಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕೆ ನಾಟುವುದಿಲ್ಲ, ಏಕೆಂದರೆ ಇದೂ ನಾಳದೊಳಗಿನ ಫೈಟೋಪ್ಲಾಸ್ಮಾ. ವಾಹಕ ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಜಿಗಿಹುಳು ಎಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು 1990ರ ದಶಕದಲ್ಲಿ ಸಸಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಈ ಹುಳುವಿನ ಬದುಕು ನಮ್ಮ ಅಳತೆಗೆ ಒಡ್ಡುವ ಅಡ್ಡಿ ವಿಶಿಷ್ಟವಾದದ್ದು. ಹೋಲಿಕೆಗೆ ಕಿತ್ತಳೆಯನ್ನು ನೋಡಿ. ಕೊಡಗಿನ ಕಿತ್ತಳೆಯನ್ನು ಕಾಡುವ ಹಸಿರು ರೋಗದ ಬ್ಯಾಕ್ಟೀರಿಯಾವನ್ನು ಸಿಲ್ಲಿಡ್ ಎಂಬ ಕೀಟ ಒಯ್ಯುವುದನ್ನು ಕಪೂರ್ ಮತ್ತು ಸಂಗಡಿಗರು 1967ರಲ್ಲಿ ನಮ್ಮ ದೇಶದಲ್ಲಿ ತೋರಿಸಿದ್ದರು. ಅಲ್ಲಿ ಮರಿಯಾಗಿದ್ದಾಗ ರೋಗಾಣು ಪಡೆದ ಕೀಟವೇ ಮುಂದೆ ಚೆನ್ನಾಗಿ ಹರಡುತ್ತದೆ. ದೊಡ್ಡದಾದ ಮೇಲೆ ಪಡೆದದ್ದು ಅಷ್ಟಾಗಿ ಹರಡುವುದಿಲ್ಲ. ಆದ್ದರಿಂದ ಚಿಗುರಿನ ಮೇಲಿನ ಮರಿಗಳನ್ನು ನಿಯಂತ್ರಿಸಿದರೆ ಅರ್ಧ ಗೆದ್ದಂತೆ. ಆದರೆ ಅಡಿಕೆಯ ಜಿಗಿಹುಳುವಿನ ಮರಿಗಳು ಮರದ ಮೇಲೆ ಇರುವುದೇ ಇಲ್ಲ. ಈ ಕುಟುಂಬದ ಹುಳುಗಳ ಮರಿಗಳು ಕೊಳೆಯುವ ಸಸ್ಯಶೇಷದ ಅಡಿಯಲ್ಲಿ, ಅಲ್ಲಿನ ಶಿಲೀಂಧ್ರವನ್ನು ತಿಂದು ಬೆಳೆಯುತ್ತವೆ. ದೊಡ್ಡದಾಗಿ ರೆಕ್ಕೆ ಬಂದ ಮೇಲಷ್ಟೇ ಸೋಗೆಯ ಅಡಿಗೆ ಬಂದು ರಸ ಹೀರುತ್ತವೆ. ಅಂದರೆ ರೋಗಾಣುವನ್ನು ಪಡೆಯುವುದು, ಅದು ಒಳಗೆ ಬೆಳೆಯುವುದು, ಇನ್ನೊಂದು ಮರಕ್ಕೆ ದಾಟುವುದು, ಎಲ್ಲವೂ ಪ್ರೌಢ ಹುಳುವಿನ ಬದುಕಿನ ದಿನಗಳೊಳಗೇ ಮುಗಿಯಬೇಕು. ಬದನೆಯ ಹುಳುವಿನಂತೆ ಇದನ್ನು ಗಿಡದ ಮೇಲೆ ಮೊಟ್ಟೆಯಿಂದ ಸಾಕಲಾಗುವುದಿಲ್ಲ. ಅಡಿಕೆ ಮರದೊಳಗೆ ಬ್ಯಾಕ್ಟೀರಿಯಾದ ಪ್ರಮಾಣ ಬಹಳ ಕಡಿಮೆ, ಅದೂ ಎಲ್ಲ ಭಾಗಗಳಲ್ಲಿ ಸಮನಾಗಿರುವುದಿಲ್ಲ. ಎತ್ತರದ ಸೋಗೆಗೆ ಪಂಜರ ಕಟ್ಟುವುದಕ್ಕೆ ಮರ ಏರುವವರೇ ಬೇಕು. ಸಸಿಯಲ್ಲಿ ರೋಗ ಕಾಣಿಸಿಕೊಳ್ಳುವುದಕ್ಕೆ ವರ್ಷಗಳು ಬೇಕು. ಮೂರು ವರ್ಷಕ್ಕೆ ಹಣ ಕೊಟ್ಟು ನಾಲ್ಕನೆಯ ವರ್ಷಕ್ಕೆ ವರದಿ ಕೇಳುವ ವ್ಯವಸ್ಥೆಯಲ್ಲಿ ಇಂಥ ಅಳತೆ ನಡೆಯುವುದು ಕಷ್ಟ. ಇದನ್ನು ನಾನು ದೂರಿಗಾಗಿ ಹೇಳುತ್ತಿಲ್ಲ, ಸುಳ್ಯದ ತೋಟಗಳಲ್ಲಿ ಕಡಿದು ಹಾಕಿದ ಮರಗಳ ಬುಡಗಳನ್ನು ನೋಡಿದ ನೋವಿನಿಂದ ಹೇಳುತ್ತಿದ್ದೇನೆ.

ಅಲ್ಲಿನ ಬೆಳೆಗಾರರು ಕೇಳುವುದು, ಹಳದಿಯಾದ ಮರ ಕಡಿದರೆ ಉಳಿದ ತೋಟ ಉಳಿಯುತ್ತದೆಯೇ ಎಂದು. ಇದಕ್ಕೆ ಉತ್ತರ ಕೊಡಬಲ್ಲ ಅಳತೆ ಒಂದೇ ಇದೆ, ಅಡಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದೂ ಅದೇ ಎಂದು ನನ್ನ ಅಭಿಪ್ರಾಯ. ಪಿಸಿಆರ್‌ನಲ್ಲಿ ರೋಗಾಣು ಕಂಡರೂ ಸೋಗೆ ಇನ್ನೂ ಹಸಿರಾಗಿಯೇ ಇರುವ ಮರಗಳ ಮೇಲೆ ಪಂಜರ ಕಟ್ಟಿ, ಹುಳುಗಳನ್ನು ಬಿಟ್ಟು, ಅವು ಅಲ್ಲಿಂದ ರೋಗಾಣುವನ್ನು ಪಡೆಯುತ್ತವೆಯೇ, ಪಡೆದರೆ ಎಷ್ಟು ಹೊತ್ತಿನಲ್ಲಿ, ಹಳದಿಯಾದ ಮರಕ್ಕೆ ಹೋಲಿಸಿದರೆ ಎಷ್ಟು ಪಾಲು ಎಂದು ನೋಡುವುದು. ಹಸಿರು ಮರದಿಂದಲೂ ಹುಳು ರೋಗಾಣುವನ್ನು ಪಡೆಯುವುದಾದರೆ, ಹಳದಿ ಕಂಡ ಮೇಲೆ ಕೊಡಲಿ ಎತ್ತುವುದು ತಡವಾಯಿತೆಂದೇ ಅರ್ಥ. ಆಗ ಪರೀಕ್ಷೆ ಮಾಡಿ ಮರ ಆರಿಸಬೇಕು, ಬುಡದಲ್ಲಿ ಕೊಳೆಯುವ ಸೋಗೆ, ಹಾಳೆಗಳ ರಾಶಿಯಲ್ಲಿ ಮರಿಗಳನ್ನು ಹುಡುಕಬೇಕು. ಪಡೆಯುವುದಿಲ್ಲವಾದರೆ, ಹಳದಿಯ ಮೊದಲ ಗರಿ ಕಂಡ ಮರವನ್ನು ಹುಳು ಸಾಯಿಸಿದ ನಂತರ ಕಡಿದ ಬೆಳೆಗಾರನ ಶ್ರಮಕ್ಕೆ ಬೆಲೆಯಿದೆ. ಬದನೆಯಲ್ಲಿ ನಾವು ಈ ಸಲ ಅದೇ ಪ್ರಯೋಗಕ್ಕೆ ಸಸಿಗಳನ್ನು ಎಬ್ಬಿಸಿದ್ದೇವೆ: ರೋಗ ದಾಟಿಸಿದ ಒಂದು ವಾರಕ್ಕೆ, ಎರಡು ವಾರಕ್ಕೆ, ಎಲೆ ಇನ್ನೂ ಅಗಲವಾಗಿಯೇ ಇರುವಾಗ, ಒಂದೊಂದು ಎಲೆಗೂ ಕ್ಲಿಪ್ ಪಂಜರ ಕಚ್ಚಿಸಿ ಹುಳು ಬಿಡುವುದು.